ತಪ್ಪಿದ ನೆನಪನ್ನು ಅಳಿಸಬೇಡಿ

"ಹಿರಿಯರು ಇಸವಿ ತಪ್ಪು ಹೇಳಿದರೆ ಆ ಸಂದರ್ಶನ ಕೆಲಸಕ್ಕೆ ಬಾರದು, ಅಳಿಸಿಬಿಡಿ" ಎಂಬ ಮಾತು ಊರೂರಿಗೆ ಹೋಗಿ ಹಿರಿಯರ ನೆನಪುಗಳನ್ನು ಕೇಳಿ ದಾಖಲಿಸುವವರ ನಡುವೆ ಓಡಾಡುತ್ತಿದೆ. ಇದು ಸರಿಯಲ್ಲ.

ಇಟಲಿಯ ತೆರ್ನಿ ಊರನ್ನೇ ನೋಡಿ. ಉಕ್ಕಿನ ಕಾರ್ಖಾನೆಯ ಕೆಲಸಗಾರ ಲುಯಿಜಿ ತ್ರಸ್ತುಲ್ಲಿ ಸತ್ತಿದ್ದು 1949ರಲ್ಲಿ, ನ್ಯಾಟೋ ವಿರೋಧಿ ಪ್ರತಿಭಟನೆಯ ದಿನ. ಆದರೆ ಊರಿನ ಹಲವರು ಆ ಸಾವನ್ನು 1953ಕ್ಕೆ ತಂದು, ಕಾರ್ಖಾನೆಯವರು ಜನರನ್ನು ಕೆಲಸದಿಂದ ತೆಗೆದಾಗಿನ ಗಲಾಟೆಗೆ ಸೇರಿಸಿ ಹೇಳಿದರು. ಇಸವಿ ತಪ್ಪು, ನಿಜ. ಕೆಲಸ ಹೋದ ನೋವು ಎಷ್ಟು ಆಳಕ್ಕೆ ಇಳಿದಿತ್ತು ಅನ್ನೋದು ಆ ತಪ್ಪಿನಲ್ಲೇ ಕಾಣುತ್ತದೆ, ಅಲ್ವಾ?

ಹಾಗಂತ ಎಲ್ಲವನ್ನೂ ಸುಮ್ನೆ ನಂಬಬೇಕಿಲ್ಲ. ಹಳೆಯ ಪತ್ರಿಕೆ, ಕಡತ, ಇನ್ನೊಬ್ಬರ ಮಾತಿನ ಜೊತೆ ತಾಳೆ ನೋಡಿ. ವ್ಯತ್ಯಾಸವನ್ನು ಪಕ್ಕದಲ್ಲಿ ಬರೆದಿಡಿ. ಹಿರಿಯರು ಹೇಳಿದ ಮಾತನ್ನು ಮಾತ್ರ ತಿದ್ದಬೇಡಿ.