ಮೂರು ಮೂರ್ಲೆ ಒಂಬತ್ತು

ಇಂಜಿನಿಯರಿಂಗ್ ಮೂರನೇ ವರ್ಷದ ರಜೆಯಲ್ಲಿ ದಾವಣಗೆರೆಯ ಸೋದರಮಾವನ ಲೇತ್ ಶಾಪಿಗೆ ಹೋಗಿದ್ದೆ. ಅಲ್ಲಿದ್ದದ್ದು ಕಬ್ಬಿಣವನ್ನು ತಿರುಗಿಸಿ ಕಡೆಯುವ, ನನ್ನ ತಾತನ ವಯಸ್ಸಿನ ಬೆಲ್ಟ್ ಲೇತ್. ಈಗಿನ ಆಲ್ ಗೇರ್ ಮಷಿನ್ನಾದರೆ ಹಿಡಿ ತಿರುಗಿಸಿದರೆ ಸ್ಪೀಡು ಇಳಿಯುತ್ತದೆ. ಇದಕ್ಕೆ ಸ್ಪೀಡು ಇಳಿಸಲು ಹಿಂದಿನ ಹಲ್ಲುಚಕ್ರಗಳನ್ನು, ಅಂದರೆ ಬ್ಯಾಕ್ ಗೇರ್ ಹಾಕಬೇಕು.

ಒಬ್ಬ ರೈತರು ಪಂಪಿನ ಶಾಫ್ಟ್ ತಂದು ಕೂತಿದ್ದರು. ತುದಿಗೆ ನಟ್ಟು ಹತ್ತುವ ಥ್ರೆಡ್ ಆಗಬೇಕು. ನೇರ ಸ್ಪೀಡಿನಲ್ಲಿ ಹಾಕಹೋದರೆ, ನನ್ನಂಥವನು ಟೂಲ್ ಹಿಂದಕ್ಕೆಳೆಯುವಷ್ಟರಲ್ಲಿ ಅದು ಶಾಫ್ಟನ್ನು ಹಿಡಿದು ತಿರುಗಿಸುವ ಚಕ್ಕಿಗೇ ಮುತ್ತಿಡುತ್ತದೆ. "ನಾನು ಮಾಡ್ತೀನಿ" ಅಂದೆ. ಮೇಸ್ತ್ರಿ ಬೀಡಿ ಹಚ್ಚಿಕೊಂಡು, "ಮಾಡ್ರಿ ಇಂಜಿನಿಯರ್ ಸಾಹೇಬ್ರ" ಅಂದರು.

ಲೆಕ್ಕ ನನಗೆ ಬಾಯಿಪಾಠ. ಬೆಲ್ಟು ತಿರುಗಿಸುವ ಪುಲಿಯ 20 ಹಲ್ಲು ಹಿಂದಿನ ಶಾಫ್ಟಿನ 60 ಹಲ್ಲನ್ನು ತಿರುಗಿಸುತ್ತದೆ, ಅದೇ ಶಾಫ್ಟಿನ 20 ಹಲ್ಲು ಚಕ್ಕನ್ನು ತಿರುಗಿಸುವ ಬುಲ್ ಗೇರಿನ 60ನ್ನು. ಮೂರು ಮೂರ್ಲೆ ಒಂಬತ್ತು. ಪುಲಿ ಒಂಬತ್ತು ಸುತ್ತಿದರೆ ಚಕ್ ಒಂದು ಸುತ್ತು. ಪರೀಕ್ಷೆಯಲ್ಲಿ ಇದಕ್ಕೆ ಪೂರ್ತಿ ಅಂಕ ಬಂದಿತ್ತು. ಹಿಡಿ ಎಳೆದೆ, ಹಲ್ಲಿಗೆ ಹಲ್ಲು ಕೂತಿತು, ಸ್ವಿಚ್ ಒತ್ತಿದೆ.

ಕಿರ್ರ್ರ್! ಬೆಲ್ಟು ಕಿರುಚಿಕೊಂಡಿತು. ಸುಟ್ಟ ವಾಸನೆ. ಮೇಸ್ತ್ರಿ ಒಂದೇ ನೆಗೆತಕ್ಕೆ ಬಂದು ಆಫ್ ಮಾಡಿದರು. ಪುಲಿಯನ್ನೂ ಬುಲ್ ಗೇರನ್ನೂ ಕೂಡಿಸುವ ಪಿನ್ನು ತೆಗೆದೇ ಇರಲಿಲ್ಲ! ಪಿನ್ನು ಒಂದಕ್ಕೊಂದು ಅನ್ನುತ್ತದೆ, ಬ್ಯಾಕ್ ಗೇರ್ ಒಂಬತ್ತಕ್ಕೊಂದು ಅನ್ನುತ್ತದೆ; ಎತ್ತು ಏರಿಗೆ, ಕೋಣ ನೀರಿಗೆ. ಬುಲ್ ಗೇರಿನ ಮುರಿದ ಎರಡು ಹಲ್ಲಿಗೆ ಹಿತ್ತಾಳೆ ಕಟ್ಟಿಸಿದ್ದು ಆಗ ಕಣ್ಣಿಗೆ ಬಿತ್ತು. ನನಗಿಂತ ಮೊದಲೂ ಯಾರೋ ಸಾಹೇಬರು ಬಂದುಹೋಗಿರಬೇಕು.

ಪಿನ್ನು ಕಿತ್ತೆ. ಅರ್ಧ ಎಳೆದರೆ ನಿಲ್ಲಬೇಕಾದದ್ದು, ಸವೆದು ಪೂರ್ತಿ ಕೈಗೇ ಬಂತು. ಗಾಬರಿಯಲ್ಲಿ ಬ್ಯಾಕ್ ಗೇರಿನ ಹಿಡಿಯನ್ನೂ ವಾಪಸ್ ತಳ್ಳಿಬಿಟ್ಟಿದ್ದೆ. ಮೋಟರ್ ಓಡಿತು, ಪುಲಿ ಗಿರಗಿರ ತಿರುಗಿತು, ಚಕ್ ಮಾತ್ರ ಊಟವಾದ ಮೇಲಿನ ಗುಮಾಸ್ತನ ಹಾಗೆ ಕೂತಿತ್ತು.

"ಸ್ವಿಚ್ ಒತ್ತೋ ಮೊದ್ಲು ಚಕ್ಕನ್ನ ಕೈಯಾಗೆ ಒಂದು ಸುತ್ತು ತಿರುಗಿಸಿ ನೋಡ್ರಿ" ಅಂದರು ಮೇಸ್ತ್ರಿ.

ಹಿಡಿ ಮತ್ತೆ ಎಳೆದೆ. ಮೂರನೇ ಸಲ ಗೊರಗೊರ ಸದ್ದಿನೊಂದಿಗೆ ಚಕ್ ತೇರಿನ ಗಾಲಿಯಂತೆ ಮೆಲ್ಲಗೆ ಉರುಳಿತು. ಥ್ರೆಡ್ ಬಂತು, ನಟ್ಟೂ ಸಲೀಸಾಗಿ ಹತ್ತಿತು. ಇನ್ನು ಪಾಲಿಶ್ ಹೊಡೆದರೆ ಆಯಿತು. ಅದಕ್ಕೆ ನೇರ ಸ್ಪೀಡು ಬೇಕು, ಪಿನ್ನು ವಾಪಸ್ ಹಾಕಬೇಕು.

ಪಿನ್ನೆಲ್ಲಿ? ಟ್ರೇಯ ಎಣ್ಣೆಯಲ್ಲಿ ಕೈಯಾಡಿಸಿದೆ, ಕಬ್ಬಿಣದ ಸುರುಳಿಗಳನ್ನು ಕೆದಕಿ ಬೆರಳು ಕುಯ್ದುಕೊಂಡೆ. ಪಾಪ, ರೈತರೂ ಮೊಬೈಲ್ ಟಾರ್ಚ್ ಹಿಡಿದು ಮಷಿನ್ನಿನ ಕೆಳಗೆ ಬಗ್ಗಿದರು.

ಮೇಸ್ತ್ರಿ ಬೀಡಿಯ ಬೂದಿ ಕೊಡವಿ ಅಂದರು: "ಸಾಹೇಬ್ರ, ಜೇಬ್ನಾಗೆ ಎರಡು ಪೆನ್ನು ಅದಾವಲ್ರೀ, ಎಣ್ಣೆ ಮೆತ್ತಿರೋದನ್ನ ಇತ್ಲಾಗೆ ಕೊಡ್ರಿ."