ಎತ್ತರ ಹೊಂದಿಸುವ ಮೇಜೊಂದೇ ಸಾಲದು

ಎಕ್ಸ್‌ಕವೇಟರ್, ಬುಲ್ಡೋಜರ್‌ಗಳಂತಹ ಭಾರೀ ಯಂತ್ರಗಳ ಜೋಡಣಾ ವಿಭಾಗದಲ್ಲಿ ಎತ್ತರ ಹೊಂದಿಸಬಹುದಾದ ಹೈಡ್ರಾಲಿಕ್ ಮೇಜುಗಳನ್ನು ಅಳವಡಿಸಿದರೆ ಕಾರ್ಮಿಕರ ಬೆನ್ನುನೋವು ಬಹುಮಟ್ಟಿಗೆ ನಿವಾರಣೆಯಾಗುತ್ತದೆ ಎಂದು ಲೇಖನವೊಂದರಲ್ಲಿ ಓದಿದೆ; ಅದರ ಲೇಖಕರ ವಾದವನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಭಾರವು ದೇಹದಿಂದ ಎಷ್ಟು ದೂರದಲ್ಲಿದೆ ಎಂಬುದೂ ಎತ್ತರದಷ್ಟೇ ಮುಖ್ಯ. ಕೆಲಸದ ಸ್ಥಳದ ಸುರಕ್ಷತೆ, ಆರೋಗ್ಯಗಳನ್ನು ಅಧ್ಯಯನ ಮಾಡುವ ಅಮೆರಿಕದ ನಿಯೋಶ್ (NIOSH) ಸಂಸ್ಥೆಯ ಭಾರ ಎತ್ತುವಿಕೆಯ ಪರಿಷ್ಕೃತ ಸೂತ್ರದ ಪ್ರಕಾರ, ಎಲ್ಲವೂ ಅನುಕೂಲವಾಗಿದ್ದಾಗ ಕೈಯಿಂದ ಎತ್ತಬಹುದಾದ ಭಾರದ ಮಿತಿ 23 ಕಿಲೊ. ಅದೇ ವಸ್ತು 25 ಸೆಂ.ಮೀ. ಬದಲು 50 ಸೆಂ.ಮೀ. ದೂರದಲ್ಲಿದ್ದರೆ ಆ ಮಿತಿ 11.5 ಕಿಲೊಗೆ ಇಳಿಯುತ್ತದೆ. ಅಗಲವಾದ ಮೇಜಿನ ನಡುವೆ ಇರಿಸಿದ ಪಂಪಿಗೆ ಬಗ್ಗಿ ಕೈಚಾಚಬೇಕಾದವರಿಗೆ ಮೇಜು ಎಷ್ಟು ಏರಿಳಿದರೇನು?

ಇನ್ನು ಬೋಲ್ಟ್ ಬಿಗಿಯುವ ಕೆಲಸ. ಎಕ್ಸ್‌ಕವೇಟರ್‌ನ ಮೇಲ್ಭಾಗ ತಿರುಗಲು ಆಧಾರವಾದ ಸ್ವಿಂಗ್ ಬೇರಿಂಗ್‌ನ ಸುತ್ತಲಿನ ದಪ್ಪ ಬೋಲ್ಟ್‌ಗಳನ್ನು ಪವರ್ ಟೂಲ್‌ನಿಂದ ಬಿಗಿಯುವಾಗ, ಬೋಲ್ಟ್ ಕಚ್ಚಿಕೊಂಡ ಕ್ಷಣದಲ್ಲಿ ಟೂಲ್ ಎದುರು ದಿಕ್ಕಿಗೆ ತಿರುಚಿಕೊಳ್ಳುತ್ತದೆ. ಆ ಹೊಡೆತ ಮಣಿಕಟ್ಟಿಗೂ ಭುಜಕ್ಕೂ ಬೀಳದಂತೆ ತಡೆಯುವ ಟಾರ್ಕ್ ರಿಯಾಕ್ಷನ್ ಆರ್ಮ್‌ನ ಪ್ರಸ್ತಾಪವೇ ಲೇಖನದಲ್ಲಿಲ್ಲ. ಫ್ರೇಮಿನ ಅಡಿಭಾಗಕ್ಕೆ ಕೈಯೆತ್ತಿ ದುಡಿಯುವುದಕ್ಕಿಂತ ಫ್ರೇಮನ್ನೇ, ಭಾರವನ್ನು ಹಿಡಿದು ತಿರುಗಿಸುವ ಪೊಸಿಷನರ್‌ಗೆ ಬಿಗಿದು ಮಗುಚುವುದು ಮೇಲು, ಆದರೆ ಅದು (ನಿಜ ಹೇಳಬೇಕೆಂದರೆ) ಸಣ್ಣ ಘಟಕಗಳ ಕೈಗೆಟುಕುವ ಬೆಲೆಯದ್ದಲ್ಲ.

ಸಲಕರಣೆ ಇದ್ದರೂ ಬಳಕೆಯಾಗದಿರುವುದು ಮತ್ತೊಂದು ಸಮಸ್ಯೆ. ನಾನು ಕೆಲಸ ಮಾಡಿದ ಕಾರ್ಖಾನೆಯೊಂದರಲ್ಲಿ ಪಕ್ಕದಲ್ಲೇ ಭಾರ ಎತ್ತುವ ಹಾಯ್ಸ್ಟ್ ಇದ್ದರೂ ಇಬ್ಬರು ಸೇರಿ ಮೋಟರನ್ನು ಕೈಯಿಂದಲೇ ಎತ್ತಿಡುತ್ತಿದ್ದರು, ಏಕೆಂದರೆ ಒಂದು ಸುತ್ತಿನ ಕೆಲಸಕ್ಕೆ ಕೊಡುವ ಸಮಯವನ್ನು (ಸೈಕಲ್ ಟೈಮ್) ನಿಗದಿಪಡಿಸಿದವರು ಕೊಕ್ಕೆ ಸಿಕ್ಕಿಸಿ ಬಿಡಿಸುವ ಹೊತ್ತನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.