ಸ್ಪಷ್ಟನೆ: ಹಸುಗೂಸಿಗೂ ಮಂಡಿಚಿಪ್ಪು ಇದೆ

‘ಹುಟ್ಟಿದ ಮಗುವಿಗೆ ಮಂಡಿಚಿಪ್ಪೇ ಇರುವುದಿಲ್ಲ, ಮೂರು ವರ್ಷದ ಮೇಲೆ ಮೂಡುತ್ತದೆ’ ಎಂಬ ಸಂದೇಶ ಎಕ್ಸ್‌ರೇ ಚಿತ್ರದ ಸಮೇತ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಅಂಥ ಎಕ್ಸ್‌ರೇಯಲ್ಲಿ ಚಿಪ್ಪು ಕಾಣದಿರುವುದು ನಿಜ. ಅದರಿಂದ ಕಟ್ಟಿದ ತೀರ್ಮಾನ ತಪ್ಪು.

ಚಿಪ್ಪು ಗರ್ಭದಲ್ಲೇ ರೂಪುಗೊಂಡಿರುತ್ತದೆ, ಆದರೆ ಮೃದ್ವಸ್ಥಿಯಾಗಿ, ಅಂದರೆ ಮೂಗಿನ ತುದಿಯಲ್ಲಿರುವಂಥ ಬಾಗುವ ಮೆತ್ತನೆಯ ಅಂಗಾಂಶವಾಗಿ. ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುವುದು ಕ್ಯಾಲ್ಸಿಯಂ ತುಂಬಿಕೊಂಡ ಭಾಗ ಮಾತ್ರ. ಮೃದ್ವಸ್ಥಿಯಲ್ಲಿ ಅದು ಇನ್ನೂ ಸೇರಿರುವುದಿಲ್ಲವಾದ್ದರಿಂದ ಸುತ್ತಲಿನ ಮಾಂಸದ ಛಾಯೆಯಲ್ಲೇ ಬೆರೆತುಹೋಗುತ್ತದೆ. ಅದೇ ಮಂಡಿಯನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡಿ, ಚಿಪ್ಪು ಸ್ಪಷ್ಟವಾಗಿ ಸಿಗುತ್ತದೆ.

ಸುಮಾರು 3ರಿಂದ 6 ವರ್ಷದೊಳಗೆ ಅದರ ಒಳಗೆ ಮೂಳೆ ಕಟ್ಟಲು ಶುರುವಾಗಿ ಹೊರಕ್ಕೆ ಹರಡುತ್ತದೆ. ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾಗಿ ತುಸು ಬೇಗ. ತೊಡೆಮೂಳೆಯ ಮೇಲೆ ಜಾರುವ ಹಿಂಬದಿ ಮಾತ್ರ ಕೊನೆತನಕ ಮೃದ್ವಸ್ಥಿಯ ಹೊದಿಕೆಯನ್ನು ಉಳಿಸಿಕೊಳ್ಳುತ್ತದೆ.

ಇಲ್ಲೊಂದು ಎಡವಟ್ಟಿಗೆ ಜಾಗವಿದೆ. ಕೆಲವರಲ್ಲಿ ಮೂಳೆ ಎರಡು ಕಡೆ ಕಟ್ಟಿ, ಮೇಲಿನ ಹೊರಮೂಲೆಯ ತುಂಡು ಉಳಿದದ್ದಕ್ಕೆ ಬೆಸೆಯುವುದೇ ಇಲ್ಲ. ಮುಂದೆಂದೋ ಬಿದ್ದು ಎಕ್ಸ್‌ರೇ ತೆಗೆಸಿದಾಗ ಅದು ಮುರಿತದಂತೆ ಕಾಣುತ್ತದೆ. ಅಂಚು ನುಣುಪಾಗಿ ದುಂಡಗಿದ್ದರೆ ಹುಟ್ಟುಗುಣ, ಮೊನಚಾಗಿದ್ದು ಒತ್ತಿದರೆ ಅಲ್ಲೇ ನೋಯುತ್ತಿದ್ದರೆ ಮುರಿತದ ಅನುಮಾನ.

‘ಮಗುವಿನ 300 ಮೂಳೆಗಳಲ್ಲಿ 94 ಕರಗಿ 206 ಉಳಿಯುತ್ತವೆ’ ಎಂಬ ಬಾಲಂಗೋಚಿಯೂ ಅದೇ ಸಂದೇಶದಲ್ಲಿದೆ. ಕರಗುವುದಲ್ಲ, ಬೆಸೆದುಕೊಳ್ಳುವುದು: ಸೊಂಟದ ಒಂದೊಂದು ಬದಿಯ ಮೂರು ಮೂಳೆಗಳು ಹದಿಹರೆಯದಲ್ಲಿ ಒಂದಾಗುತ್ತವೆ, ಬೆನ್ನುಮೂಳೆಯ ಬುಡದ ಐದು ಕಶೇರುಗಳು (ಬಿಡಿ ಎಲುಬುಗಳು) 25ರ ಆಸುಪಾಸಿಗೆ.